ಕೈರವಾನಿನ ಕಾಝಿ ತಮ್ಮ ಮಗನ ಶಿಕ್ಷಕರಿಗೆ ಹೇಳಿದ್ದು

ಉರ್ದು ಮಾತನಾಡುವ ನಮ್ಮ ಮನೆಗಳಲ್ಲಿ ಒಂದು ಹಳೆಯ ಮಾತಿದೆ. ಮಗನನ್ನು ಮೊದಲ ಬಾರಿಗೆ ಮದ್ರಸಕ್ಕೆ ಕರೆತಂದ ತಂದೆ, ಅವನ ಕೈಯನ್ನು ಶಿಕ್ಷಕರ ಕೈಗೆ ಒಪ್ಪಿಸುತ್ತಾ, "ಮಾಂಸ ನಿಮ್ಮದು, ಎಲುಬು ನಮ್ಮದು" ಎನ್ನುತ್ತಾನೆ. ಹೊಡೆಯಿರಿ, ಚರ್ಮ ಸುಲಿದರೂ ಕೇಳುವುದಿಲ್ಲ, ಎಲುಬು ಮುರಿಯದಿದ್ದರೆ ಸಾಕು ಎಂದು ಅದರ ಅರ್ಥ. ಕರಾವಳಿಯ ತಂದೆಯಂದಿರ ಮಾತು ಬೇರೆ, ಭಾವ ಅದೇ: "ಚೆನ್ನಾಗಿ ಎರಡು ಕೊಡಿ ಉಸ್ತಾದ್, ನಮ್ಮ ಕಡೆಯಿಂದ ಯಾರೂ ಕೇಳಲು ಬರುವುದಿಲ್ಲ."

ಈ ಮಾತಿನ ಹಿಂದೆ ಶಿಕ್ಷಕನ ಮೇಲಿನ ಅಪಾರ ನಂಬಿಕೆಯಿದೆ. ತನ್ನ ಕರುಳಿನ ಕುಡಿಯನ್ನು ಇನ್ನೊಬ್ಬನ ವಶಕ್ಕೆ ಕೊಡುವವನ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅದರ ಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ನಮ್ಮಲ್ಲಿ ಬೇರೂರಿದೆ. ಬೆತ್ತವೇ ನಮ್ಮ ಪೂರ್ವಿಕರ ಪದ್ಧತಿ. ಮಗುವಿನ ಸ್ವಭಾವ ನೋಡಿ ಕಲಿಸಬೇಕು, ಹುರಿದುಂಬಿಸಬೇಕು ಎಂಬುದೆಲ್ಲ ಇಂಗ್ಲಿಷ್ ಮಾಧ್ಯಮದ ಶಾಲೆಗಳಿಂದ ಬಂದ ಹೊಸ ಮಾತು ಎಂದು ಹಲವರು ನಂಬಿದ್ದಾರೆ. ನಮ್ಮ ಗ್ರಂಥಗಳ ಇತಿಹಾಸ ಹಾಗೆ ಹೇಳುವುದಿಲ್ಲ. ಅದನ್ನು ತಿಳಿಯಲು ಉತ್ತರ ಆಫ್ರಿಕಾದ ಕೈರವಾನ್ ನಗರಕ್ಕೆ ಹೋಗಬೇಕು.

ಕೈರವಾನ್ ಇಂದಿನ ಟುನೀಶಿಯಾ ದೇಶದಲ್ಲಿದೆ. ಕ್ರಿ.ಶ. 670ರಲ್ಲಿ ಸೇನಾನಿ ಉಕ್ಬಾ ಇಬ್ನ್ ನಾಫಿಅ್ ಅಲ್ಲಿ ಶಿಬಿರ ಹೂಡಿ ಮಸೀದಿ ಕಟ್ಟಿಸಿದರು. ಎರಡು ಶತಮಾನ ಕಳೆಯುವಷ್ಟರಲ್ಲಿ ಅದು ಮಾಲಿಕೀ ಕರ್ಮಶಾಸ್ತ್ರದ ದೊಡ್ಡ ಕೇಂದ್ರವಾಗಿ ಬೆಳೆದಿತ್ತು. ಅದಕ್ಕೆ ಮುಖ್ಯ ಕಾರಣ ಇಮಾಮ್ ಸಹ್ನೂನ್(ರ). ಇಮಾಮ್ ಮಾಲಿಕ್(ರ) ಅವರ ಶಿಷ್ಯ ಇಬ್ನುಲ್ ಕಾಸಿಮ್ ಅವರಿಂದ ಕಲಿತು ಬಂದ ಸಹ್ನೂನ್, 'ಅಲ್-ಮುದವ್ವನ' ಎಂಬ ಮಹಾಗ್ರಂಥವನ್ನು ಸಿದ್ಧಪಡಿಸಿದರು. ವೃದ್ಧಾಪ್ಯದಲ್ಲಿ ಕೈರವಾನಿನ ಕಾಝಿಯಾದರು. ಹಿಜರಿ 240ರಲ್ಲಿ ನಿಧನರಾದರು. ನ್ಯಾಯಪೀಠದಲ್ಲಿ ಅಧಿಕಾರಸ್ಥರಿಗೂ ಮಣಿಯದ ಕಠಿಣ ವ್ಯಕ್ತಿ ಎಂದು ಚರಿತ್ರಕಾರರು ಅವರನ್ನು ವರ್ಣಿಸುತ್ತಾರೆ.

ಅಂಥ ಕಠಿಣ ಕಾಝಿ ತಮ್ಮ ಮಗ ಮುಹಮ್ಮದನನ್ನು ಮಕ್ಕಳ ಶಾಲೆಗೆ ಸೇರಿಸಿದಾಗ ಶಿಕ್ಷಕರಿಗೆ ಹೇಳಿದ ಮಾತು ಮಾಲಿಕೀ ವಿದ್ವಾಂಸರ ಚರಿತ್ರೆಗಳಲ್ಲಿ ದಾಖಲಾಗಿದೆ. ಈ ಹುಡುಗನನ್ನು ಹೊಗಳಿಕೆಯಿಂದ, ಮೃದು ಮಾತಿನಿಂದ ಮಾತ್ರ ತಿದ್ದಿರಿ. ಹೊಡೆತದಿಂದ, ಗದರಿಕೆಯಿಂದ ತಿದ್ದಬೇಕಾದ ಜಾತಿಯವನಲ್ಲ ಇವನು ಎಂಬುದು ಆ ಮಾತಿನ ಸಾರ. ಇದರಲ್ಲಿ ಎರಡು ವಿಷಯಗಳಿವೆ. ಮಕ್ಕಳೆಲ್ಲರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರಲ್ಲ ಎಂಬುದು ಮೊದಲನೆಯದು. ಯಾವ ಮಗುವಿಗೆ ಯಾವುದು ನಾಟುತ್ತದೆಂದು ಶಿಕ್ಷಕನಿಗೆ ತಿಳಿಸುವ ಹೊಣೆ ತಂದೆಯದೂ ಹೌದು ಎಂಬುದು ಎರಡನೆಯದು. ನಮ್ಮ ತಂದೆಯಂದಿರು ಎಲುಬಿನ ಲೆಕ್ಕ ಒಪ್ಪಿಸಿ ಹೋಗುತ್ತಾರೆ. ಸಹ್ನೂನ್ ಸ್ವಭಾವದ ಲೆಕ್ಕ ಒಪ್ಪಿಸಿದರು.

ಆ ಹುಡುಗನೇ ಮುಂದೆ ಮುಹಮ್ಮದ್ ಇಬ್ನ್ ಸಹ್ನೂನ್ ಎಂಬ ವಿದ್ವಾಂಸರಾಗಿ ಬೆಳೆದರು. ಹಿಜರಿ 202ರಲ್ಲಿ ಹುಟ್ಟಿ 256ರಲ್ಲಿ ನಿಧನರಾದ ಅವರು ಬರೆದ ಅನೇಕ ಗ್ರಂಥಗಳಲ್ಲಿ ಒಂದು ಪುಟ್ಟ ಕೃತಿ 'ಆದಾಬುಲ್ ಮುಅಲ್ಲಿಮೀನ್'. ಮಕ್ಕಳಿಗೆ ಪಾಠ ಹೇಳುವ ಮುಅಲ್ಲಿಮರು ಪಾಲಿಸಬೇಕಾದ ನಡವಳಿಕೆಯೇ ಅದರ ವಿಷಯ. ಶಿಕ್ಷಕರಿಗಾಗಿಯೇ ಬರೆದ ಅರಬಿ ಕೃತಿಗಳಲ್ಲಿ ನಮಗೆ ಉಳಿದು ಬಂದಿರುವ ಅತಿ ಹಳೆಯವುಗಳಲ್ಲಿ ಇದೂ ಒಂದು. ಇದರ ಹೆಚ್ಚಿನ ಭಾಗ ತಂದೆಗೆ ಮಗ ಕೇಳಿದ ಪ್ರಶ್ನೆಗಳು ಮತ್ತು ತಂದೆ ಕೊಟ್ಟ ತೀರ್ಪುಗಳು. ಆದುದರಿಂದ ಇದು ಉಪದೇಶದ ಪುಸ್ತಕವಲ್ಲ, ಕಾನೂನಿನ ಪುಸ್ತಕ. ಶಿಕ್ಷಕನಿಗೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ಫಿಕ್ಹ್‌ನ ಭಾಷೆಯಲ್ಲಿ ಹೇಳುತ್ತದೆ.

ಈ ಪುಸ್ತಕ ಹೊಡೆತವನ್ನು ಪೂರ್ಣವಾಗಿ ನಿಷೇಧಿಸುವುದಿಲ್ಲ. ಅದನ್ನು ಮುಚ್ಚಿಟ್ಟು ಬರೆದರೆ ನಾನು ಓದುಗರಿಗೆ ಮೋಸ ಮಾಡಿದಂತಾಗುತ್ತದೆ. ಒಂಬತ್ತನೆಯ ಶತಮಾನದ ಯಾವ ನಾಡಿನ ಶಾಲೆಯಲ್ಲೂ ಅಂಥ ನಿಷೇಧ ಇದ್ದುದು ನನಗೆ ಕಾಣದು. ಆದರೆ ಪುಸ್ತಕದುದ್ದಕ್ಕೂ ಕಾಣುವುದು ಬೆತ್ತಕ್ಕೆ ಹಾಕಿದ ಬೇಲಿ. ಆಟ, ಸೋಮಾರಿತನದಂಥ ತಪ್ಪಿಗೆ ಶಿಕ್ಷೆ ಹತ್ತನ್ನು ಮೀರಬಾರದು. ಕುರ್‌ಆನ್ ಪಾಠ ಒಪ್ಪಿಸುವುದರಲ್ಲಿ ತಪ್ಪಿದರೆ ಮೂರನ್ನು ಮೀರಬಾರದು. ತಲೆಗೆ ಹೊಡೆಯಬಾರದು, ಮುಖಕ್ಕೆ ಹೊಡೆಯಬಾರದು. ಮನೆಯಿಂದ ಊಟಕ್ಕೆ ಕರೆ ಬಂದಾಗ ಮಗುವನ್ನು ತಡೆದು ಹಸಿವಿನಲ್ಲಿ ಕೂರಿಸಬಾರದು. ಮಿತಿ ಮೀರಿ ಹೊಡೆದು ಮಗುವಿಗೆ ಹಾನಿಯಾದರೆ ಅದರ ಹೊಣೆ ಶಿಕ್ಷಕನ ತಲೆಯ ಮೇಲೆಯೇ ಬೀಳುತ್ತದೆ. ಕಲಿಸಲು ಹೊಡೆದೆ ಎಂಬ ನೆಪ ಅವನನ್ನು ಉಳಿಸದು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಶರಾರತ್ತಿಗೆ ಹತ್ತು, ಪಾಠ ಬಾರದಿದ್ದರೆ ಮೂರು. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಹಿಂದಿನ ಬೆಂಚಿನಲ್ಲಿ ಗಲಾಟೆ ಮಾಡಿದವನು ಒಂದು ಗದರಿಕೆಯಲ್ಲಿ ಪಾರಾಗುತ್ತಾನೆ. ಸೂರತ್ತಿನ ನಡುವೆ ತಡವರಿಸಿದವನ ಅಂಗೈ ಕೆಂಪಾಗುತ್ತದೆ. ಬೇಕೆಂದೇ ಮಾಡಿದ ತಪ್ಪಿಗೂ, ನೆನಪು ಕೈಕೊಟ್ಟಿದ್ದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಕೈರವಾನಿನ ಕಾಝಿ ಕಂಡಿದ್ದರು. ಅಲ್ಲಾಹನ ವಚನದೊಂದಿಗೆ ನೋವಿನ ನೆನಪು ಅಂಟಿಕೊಳ್ಳಬಾರದೆಂಬ ಕಾಳಜಿಯೂ ಇದರ ಹಿಂದೆ ಇದ್ದಿರಬಹುದು. ಇದು ನನ್ನ ಊಹೆ, ಗ್ರಂಥದ ಮಾತಲ್ಲ.

ಪುಸ್ತಕದ ಬೇಲಿ ಬೆತ್ತಕ್ಕೆ ಮಾತ್ರವಲ್ಲ, ಶಿಕ್ಷಕನಿಗೂ ಇದೆ. ಮಕ್ಕಳನ್ನು ಸ್ವಂತ ಕೆಲಸಗಳಿಗೆ ಅಟ್ಟಬಾರದು. ಬಡವನ ಮಗುವನ್ನೂ ಸಿರಿವಂತನ ಮಗುವನ್ನೂ ಸಮವಾಗಿ ಕಾಣಬೇಕು. ಇದಕ್ಕಾಗಿ ಒಂದು ಅಧ್ಯಾಯವೇ ಮೀಸಲಾಗಿದೆ. ಬುಧವಾರ ಸಂಜೆ ಮತ್ತು ಗುರುವಾರ ಕಲಿತ ಪಾಠವನ್ನು ಒಪ್ಪಿಸಿಕೊಂಡು, ಶುಕ್ರವಾರ ಮಕ್ಕಳಿಗೆ ಬಿಡುವು ಕೊಡಬೇಕು. ಸಂಬಳಕ್ಕೆ ಒಪ್ಪಿ ಬಂದ ಶಿಕ್ಷಕನು ಪಾಠದ ಹೊತ್ತಿನಲ್ಲಿ ಮಕ್ಕಳನ್ನು ಬಿಟ್ಟು ಜನಾಝಕ್ಕೂ, ರೋಗಿಗಳ ಭೇಟಿಗೂ ಹೋಗುವಂತಿಲ್ಲ. ಅವೆರಡೂ ಪುಣ್ಯದ ಕೆಲಸಗಳೇ, ಆದರೆ ಆ ಹೊತ್ತು ಮಕ್ಕಳಿಗೆ ಸೇರಿದ್ದು. ಇದನ್ನು ಓದಿದಾಗ ನನಗೆ ನಗು ಬಂತು. ಪಾಠದ ನಡುವೆ ಉಸ್ತಾದರನ್ನು ಗೃಹಪ್ರವೇಶದ ದುಆಕ್ಕೂ, ಅಂಗಡಿಯ ಉದ್ಘಾಟನೆಗೂ ಎಳೆದೊಯ್ದು, ವರ್ಷದ ಕೊನೆಯಲ್ಲಿ ಫಲಿತಾಂಶ ಏಕೆ ಕಡಿಮೆಯೆಂದು ಕೇಳುವ ನಮ್ಮ ಜಮಾಅತ್ ಕಮಿಟಿಗಳು ಇಬ್ನ್ ಸಹ್ನೂನರ ಈ ಒಂದು ಪುಟವನ್ನಾದರೂ ಓದಬೇಕಿತ್ತು.

ಸುಮಾರು ಒಂದೂವರೆ ಶತಮಾನದ ಬಳಿಕ ಅದೇ ಕೈರವಾನಿನಲ್ಲಿ ಅಬುಲ್ ಹಸನ್ ಅಲ್-ಕಾಬಿಸಿ(ರ) ಇದೇ ವಿಷಯದ ಮೇಲೆ ಇನ್ನಷ್ಟು ವಿಸ್ತಾರವಾದ ಕೃತಿ ಬರೆದರು. ಅವರು ಕಣ್ಣು ಕಾಣದವರು. ಹಿಜರಿ 403ರಲ್ಲಿ ನಿಧನರಾದರು. ಶಿಕ್ಷಕನು ಕೋಪದಲ್ಲಿರುವಾಗ ಮಗುವನ್ನು ಶಿಕ್ಷಿಸಬಾರದೆಂದು ಅವರು ಹೇಳುತ್ತಾರೆ. ಏಕೆಂದರೆ ಆಗ ಅವನು ಹೊಡೆಯುವುದು ಮಗುವಿನ ಒಳಿತಿಗಲ್ಲ, ತನ್ನ ಮನಸ್ಸಿನ ಸಮಾಧಾನಕ್ಕೆ. ಶಿಕ್ಷಿಸುವ ಕೆಲಸವನ್ನು ಇನ್ನೊಬ್ಬ ಹುಡುಗನ ಕೈಗೆ ಕೊಡಬಾರದು. ಸದಾ ಮುಖ ಗಂಟಿಕ್ಕಿಕೊಂಡಿರುವ ಶಿಕ್ಷಕನಿಗೆ ಮಕ್ಕಳು ಒಗ್ಗಿಹೋಗುತ್ತಾರೆ, ಆಮೇಲೆ ಅವನ ಸಿಟ್ಟಿಗೆ ಬೆಲೆಯೇ ಇರುವುದಿಲ್ಲ ಎಂದೂ ಅವರು ಎಚ್ಚರಿಸುತ್ತಾರೆ. ತರಗತಿಯಲ್ಲಿ ನಿಂತು ಪಾಠ ಹೇಳಿದ ಯಾರಿಗೂ ಈ ಕೊನೆಯ ಮಾತಿಗೆ ಸಾಕ್ಷಿ ಬೇಕಾಗದು.

ಇಷ್ಟು ಹೇಳಿದೊಡನೆ ಕೇಳಿಬರುವ ಆಕ್ಷೇಪ ಯಾವುದೆಂದು ನನಗೆ ಗೊತ್ತು. ಏಳನೆಯ ವಯಸ್ಸಿನಲ್ಲಿ ಮಕ್ಕಳಿಗೆ ನಮಾಝ್ ಮಾಡಲು ಹೇಳಿ, ಹತ್ತನೆಯ ವಯಸ್ಸಿನಲ್ಲೂ ಬಿಟ್ಟರೆ ಶಿಕ್ಷಿಸಿರಿ ಎಂಬ ಅರ್ಥದ ಹದೀಸ್ ಇಲ್ಲವೇ ಎಂದು ಕೇಳುತ್ತಾರೆ. ಇದೆ. ಆದರೆ ಏಳಕ್ಕೂ ಹತ್ತಕ್ಕೂ ನಡುವೆ ಮೂರು ವರ್ಷಗಳಿವೆ. ದಿನಕ್ಕೆ ಐದು ಹೊತ್ತಿನಂತೆ ಲೆಕ್ಕ ಹಾಕಿದರೆ 5,000ಕ್ಕೂ ಹೆಚ್ಚು ಬಾರಿ ಬಾಯಿಮಾತಿನಲ್ಲಿ ಹೇಳಿದ ಮೇಲಿನ ಹಂತವದು. ಅಲ್ಲಿಯೂ ಗಾಯವಾಗದ, ಗುರುತು ಮೂಡದ, ಮುಖವನ್ನು ಮುಟ್ಟದ ಶಿಕ್ಷೆ ಮಾತ್ರ ಎಂದು ಫುಕಹಾಗಳು ಷರತ್ತು ವಿಧಿಸಿದ್ದಾರೆ. ಮೂರು ತಿಂಗಳೂ ತಾಳ್ಮೆಯಿಂದ ಹೇಳದವನು ಆ ಹದೀಸನ್ನು ಬೆತ್ತಕ್ಕೆ ಸನದಾಗಿ ಹಿಡಿಯುವುದು ನ್ಯಾಯವಲ್ಲ.

ಇನ್ನು ಪ್ರವಾದಿ(ಸ)ರ ಸ್ವಂತ ನಡವಳಿಕೆ. ಬಾಲ್ಯದಲ್ಲೇ ಸೇವೆಗೆ ಸೇರಿದ ಹ. ಅನಸ್(ರ) ಹತ್ತು ವರ್ಷಗಳ ಅವಧಿಯಲ್ಲಿ ಒಮ್ಮೆಯೂ ಬೇಸರದ ಒಂದು ಉದ್ಗಾರವನ್ನು ಕೇಳಲಿಲ್ಲ; ಇದನ್ನೇಕೆ ಮಾಡಿದೆ, ಅದನ್ನೇಕೆ ಮಾಡಲಿಲ್ಲ ಎಂಬ ಪ್ರಶ್ನೆಯನ್ನೂ ಕೇಳಲಿಲ್ಲ. ಪ್ರವಾದಿ(ಸ)ರು ಯಾವ ಸ್ತ್ರೀಯ ಮೇಲೆಯಾಗಲಿ ಸೇವಕನ ಮೇಲೆಯಾಗಲಿ ಕೈಯೆತ್ತಿದವರಲ್ಲವೆಂದು ಹ. ಆಇಶಾ(ರ) ವರದಿ ಮಾಡಿದ್ದಾರೆ. ಮುಆವಿಯ ಇಬ್ನುಲ್ ಹಕಮ್(ರ) ಎಂಬ ಸಹಾಬಿ ಗೊತ್ತಿಲ್ಲದೆ ನಮಾಝ್‌ನ ನಡುವೆ ಮಾತನಾಡಿದರು. ಸುತ್ತಲಿನವರು ತೊಡೆ ತಟ್ಟಿ ಗದರಿಸಿದರು. ನಮಾಝ್ ಮುಗಿದ ಮೇಲೆ ಪ್ರವಾದಿ(ಸ)ರು ಬೈಯಲಿಲ್ಲ, ಹೊಡೆಯಲಿಲ್ಲ, ಅವಮಾನಿಸಲಿಲ್ಲ. ನಮಾಝ್ ಎಂದರೇನೆಂದು ತಿಳಿಸಿದರು, ಅಷ್ಟೇ. ಅಂಥ ಶಿಕ್ಷಕರನ್ನು ಮೊದಲೂ ನಂತರವೂ ಕಾಣಲಿಲ್ಲವೆಂದು ಆ ಸಹಾಬಿ ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಜನರಿಗೆ ಬೇಸರ ಬಾರದಿರಲೆಂದು ಪ್ರವಾದಿ(ಸ)ರು ಉಪದೇಶವನ್ನು ದಿನಗಳ ಅಂತರವಿಟ್ಟು ನೀಡುತ್ತಿದ್ದರು. ಅದೇ ಮಾದರಿಯಲ್ಲಿ ಹ. ಇಬ್ನ್ ಮಸ್‌ಊದ್(ರ) ಪ್ರತಿದಿನ ಬೋಧಿಸಿರೆಂಬ ಕೋರಿಕೆಗೆ ಒಪ್ಪದೆ ಗುರುವಾರಗಳಲ್ಲಿ ಮಾತ್ರ ಬೋಧಿಸಿದರು. ಕಲಿಯುವವನ ಉತ್ಸಾಹವನ್ನು ಕಾಪಾಡುವುದೂ ಕಲಿಸುವವನ ಕೆಲಸವೆಂದು ಆ ತಲೆಮಾರು ತಿಳಿದಿತ್ತು.

ಇಮಾಮ್ ಗಝ್ಝಾಲಿ(ರ) 'ಇಹ್ಯಾ ಉಲೂಮುದ್ದೀನ್'ನಲ್ಲಿ ಇದನ್ನೇ ಮನಸ್ಸಿನ ಶಾಸ್ತ್ರವಾಗಿ ವಿವರಿಸಿದರು. ಮಗು ಒಳ್ಳೆಯ ಕೆಲಸ ಮಾಡಿದರೆ ನಾಲ್ಕು ಜನರ ಮುಂದೆ ಮೆಚ್ಚಿಕೊಳ್ಳಬೇಕು. ಒಮ್ಮೆ ತಪ್ಪಿದರೆ ಕಂಡೂ ಕಾಣದಂತಿರಬೇಕು, ಅದರಲ್ಲೂ ಮಗು ತಾನೇ ಅದನ್ನು ಮರೆಮಾಚಲು ನೋಡುತ್ತಿದ್ದರೆ. ಎರಡನೆಯ ಬಾರಿಗೆ ಏಕಾಂತದಲ್ಲಿ ಹೇಳಬೇಕು. ಮಾತುಮಾತಿಗೆ ಬೈದರೆ ಬೈಗುಳ ಕಿವಿಗೆ ರೂಢಿಯಾಗಿ ಹೃದಯಕ್ಕೆ ಇಳಿಯುವುದಿಲ್ಲ. ಪಾಠ ಮುಗಿದ ಮೇಲೆ ದಣಿವು ಕಳೆಯುವಂತೆ ಆಡಲು ಬಿಡಬೇಕು. ಆಟ ತಪ್ಪಿಸಿ ಸದಾ ಓದಿಗೆ ಕೂರಿಸಿದರೆ ಮಗುವಿನ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ, ಓದಿನಿಂದ ಪಾರಾಗುವ ಉಪಾಯಗಳನ್ನು ಅದು ಹುಡುಕತೊಡಗುತ್ತದೆ. ಕ್ರಿ.ಶ. 1111ರಲ್ಲಿ ನಿಧನರಾದವರ ಅಭಿಪ್ರಾಯಗಳಿವು. ಬೆಳಿಗ್ಗೆ ಆರಕ್ಕೆ ಮದ್ರಸ, ಒಂಬತ್ತಕ್ಕೆ ಶಾಲೆ, ಐದಕ್ಕೆ ಟ್ಯೂಷನ್, ಮಗ್ರಿಬ್ ಬಳಿಕ ಮತ್ತೆ ಕಿತಾಬ್ ಎಂದು ಮಕ್ಕಳ ದಿನವನ್ನು ಹೆಣೆದಿರುವ ನಾವು ಇಹ್ಯಾವನ್ನು ಗೌರವದಿಂದ ಕಪಾಟಿನಲ್ಲಿಟ್ಟಿದ್ದೇವೆ.

ಹೇಗೆ ಕಲಿಸಬೇಕೆಂಬ ವಿಷಯದಲ್ಲಿ ಹನಫೀ ವಿದ್ವಾಂಸ ಝರ್ನೂಜಿಯವರ 'ತಅ್‌ಲೀಮುಲ್ ಮುತಅಲ್ಲಿಮ್' ಪ್ರಸಿದ್ಧ. ದರ್ಸ್‌ನಲ್ಲಿ ಓದಿದವರಿಗೆ ಅದರ ಪರಿಚಯವಿದೆ. 'ಹಿದಾಯ' ಗ್ರಂಥದ ಕರ್ತೃ ಮರ್ಗೀನಾನಿಯವರ ಶಿಷ್ಯರಾದ ಅವರು, ಆರಂಭದ ಪಾಠ ಎರಡು ಬಾರಿ ಹೇಳಿಕೊಂಡರೆ ನೆನಪಿನಲ್ಲಿ ನಿಲ್ಲುವಷ್ಟೇ ಇರಬೇಕು, ಬಳಿಕ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು ಎನ್ನುತ್ತಾರೆ. ನಿನ್ನೆಯ ಪಾಠವನ್ನು ಐದು ಬಾರಿ, ಮೊನ್ನೆಯದನ್ನು ನಾಲ್ಕು ಬಾರಿ, ಅದರ ಹಿಂದಿನದನ್ನು ಮೂರು, ಎರಡು, ಒಂದು ಎಂದು ಇಳಿಕೆಯ ಕ್ರಮದಲ್ಲಿ ಪುನರಾವರ್ತಿಸಲು ಹೇಳುತ್ತಾರೆ. ನಾನು ಇದನ್ನು ಹಿಫ್ಝ್ ತರಗತಿಯಲ್ಲಿ ಪ್ರಯೋಗಿಸಿ ನೋಡಿದ್ದೇನೆ. ದಿನಕ್ಕೊಂದು ಪುಟ ನುಂಗಿಸುವ ಆತುರಕ್ಕಿಂತ ಇದು ಎಷ್ಟೋ ವಾಸಿ. ಸ್ವಭಾವಕ್ಕೆ ತಕ್ಕ ವಿದ್ಯೆಯನ್ನು ಶಿಷ್ಯ ತಾನೇ ಆರಿಸದೆ ಅನುಭವಿ ಗುರುವಿಗೆ ಬಿಡಬೇಕೆಂದು ಹೇಳುತ್ತಾ ಅವರೊಂದು ಕಥೆ ಹೇಳುತ್ತಾರೆ: ಫಿಕ್ಹ್ ಕಲಿಯಲು ಬಂದ ಇಮಾಮ್ ಬುಖಾರಿ(ರ) ಅವರ ಒಲವನ್ನು ಗುರುತಿಸಿದ ಮುಹಮ್ಮದ್ ಇಬ್ನುಲ್ ಹಸನ್, ಹದೀಸ್ ಕಲಿಯಲು ಹೋಗೆಂದು ಕಳುಹಿಸಿದರಂತೆ. ಇವರು ಅಬೂ ಹನೀಫರ(ರ) ಪ್ರಸಿದ್ಧ ಶಿಷ್ಯ ಶೈಬಾನಿಯವರೇ ಆಗಿದ್ದರೆ ಕಾಲದ ಲೆಕ್ಕ ಕೂಡುವುದಿಲ್ಲ. ಅವರು ತೀರಿಕೊಂಡದ್ದು ಹಿಜರಿ 189ರಲ್ಲಿ, ಬುಖಾರಿ ಹುಟ್ಟಿದ್ದು 194ರಲ್ಲಿ. ಕಥೆಯನ್ನು ಇತಿಹಾಸವಾಗಿ ಹೇಳಲಾಗದು. ಆದರೆ ಗುರುವಿನ ಕೆಲಸ ಏನೆಂದು ಆ ಕಾಲದವರು ತಿಳಿದಿದ್ದರೋ ಅದನ್ನು ಅದು ಹೇಳುತ್ತದೆ.

ಹಾಗಾದರೆ ಇಷ್ಟೆಲ್ಲ ಇದ್ದೂ ಬೆತ್ತವೇ ನಮ್ಮ ಪರಂಪರೆ ಎಂಬ ನಂಬಿಕೆ ಎಲ್ಲಿಂದ ಬಂತು? ನನಗೆ ತೋಚುವ ಒಂದು ಕಾರಣವಿದೆ. ನಮ್ಮ ಕೈಯಲ್ಲಿ ಉಳಿದದ್ದು ಝರ್ನೂಜಿಯವರ ಪುಸ್ತಕ. ಅದು ಬರೆದದ್ದು ವಿದ್ಯಾರ್ಥಿಗಾಗಿ. ಗುರುವನ್ನು ಗೌರವಿಸು, ಅವನ ಮುಂದೆ ನಡೆಯಬೇಡ, ಅವನ ಜಾಗದಲ್ಲಿ ಕೂರಬೇಡ, ಅವನ ಮಕ್ಕಳನ್ನೂ ಗೌರವಿಸು ಎಂದು ಅದು ಕಲಿಸುತ್ತದೆ. ಎಲ್ಲವೂ ಸರಿಯೇ. ಆದರೆ ಶಿಕ್ಷಕನಿಗೆ ಹಾಗೆ ಮಾಡಬೇಡ, ಹೀಗೆ ಮಾಡಬೇಡ ಎಂದು ಹೇಳುವ ಇಬ್ನ್ ಸಹ್ನೂನ್ ಮತ್ತು ಕಾಬಿಸಿಯವರ ಕೃತಿಗಳು ಮಾಲಿಕೀ ಮದ್ಸ್‌ಹಬ್‌ನ ಪಶ್ಚಿಮ ನಾಡುಗಳಲ್ಲಿ ಉಳಿದವು. ಶಾಫಿಈ ಮತ್ತು ಹನಫೀ ಮದ್ಸ್‌ಹಬ್‌ಗಳನ್ನು ಅನುಸರಿಸುವ ನಮ್ಮ ನಾಡಿನ ಪಠ್ಯಕ್ರಮಕ್ಕೆ ಅವು ಬರಲಿಲ್ಲ. ಹೀಗೆ ಶಿಷ್ಯನ ಕರ್ತವ್ಯಗಳ ಪಟ್ಟಿ ತಲೆಮಾರಿನಿಂದ ತಲೆಮಾರಿಗೆ ಓದಿಸಲ್ಪಟ್ಟಿತು. ಶಿಕ್ಷಕನ ಮೇಲಿನ ಮಿತಿಗಳ ಪಟ್ಟಿಯನ್ನು ಯಾರೂ ಓದಿಸಲಿಲ್ಲ. ನಾನೂ ಅದನ್ನು ಮದ್ರಸದಲ್ಲಿ ಓದಿದವನಲ್ಲ. ಬೆತ್ತ ಹಿಡಿದು ಹಲವು ವರ್ಷ ಕಳೆದ ಮೇಲೆ ಓದಿದವನು.

ಅದಕ್ಕಿಂತ ಮೊದಲು ನನಗೆ ಎದುರಾದದ್ದು ಇಬ್ನ್ ಖಲ್ದೂನ್. ಟುನಿಸ್‌ನಲ್ಲಿ ಕ್ರಿ.ಶ. 1332ರಲ್ಲಿ ಹುಟ್ಟಿದ ಅವರು 1377ರಲ್ಲಿ ಇಂದಿನ ಅಲ್ಜೀರಿಯಾದ ಒಂದು ಕೋಟೆಯಲ್ಲಿದ್ದು 'ಮುಕದ್ದಿಮ' ಬರೆದರು. ರಾಜ್ಯಗಳ ಏಳುಬೀಳಿನ ಕಾರಣಗಳನ್ನು ಶೋಧಿಸುವ ಆ ಗ್ರಂಥದಲ್ಲಿ, ವಿದ್ಯಾರ್ಥಿಗಳ ಮೇಲಿನ ಕಾಠಿಣ್ಯ ಅವರಿಗೆ ಹಾನಿಕರ ಎಂಬುದಕ್ಕೆ ಒಂದು ಅಧ್ಯಾಯವಿದೆ. ಬಲವಂತ ಮತ್ತು ದಬ್ಬಾಳಿಕೆಯಲ್ಲಿ ಬೆಳೆದ ಮಗುವಿನ ಚೈತನ್ಯ ಕುಗ್ಗುತ್ತದೆ, ಅದು ಆಲಸ್ಯಕ್ಕೆ ಬೀಳುತ್ತದೆ. ಮೇಲೆ ಬೀಳುವ ಕೈಗೆ ಹೆದರಿ ಮನಸ್ಸಿನಲ್ಲಿರುವುದಕ್ಕೆ ವಿರುದ್ಧವಾದುದನ್ನು ಹೊರಗೆ ತೋರಿಸುತ್ತದೆ, ಸುಳ್ಳು ಮತ್ತು ಕಪಟವನ್ನು ಕಲಿಯುತ್ತದೆ. ಕೊನೆಗೆ ಅದೇ ಅದರ ಗುಣವಾಗಿ ನಿಲ್ಲುತ್ತದೆ. ಖಲೀಫ ಹಾರೂನ್ ರಶೀದ್ ತಮ್ಮ ಮಗ ಅಮೀನನ ಗುರುವಿಗೆ ಕೊಟ್ಟ ಸೂಚನೆಯನ್ನೂ ಅವರು ಅಲ್ಲಿ ಉಲ್ಲೇಖಿಸುತ್ತಾರೆ. ಒಂದು ಗಳಿಗೆಯೂ ಕಲಿಕೆಯಿಲ್ಲದೆ ಕಳೆಯದಿರಲಿ, ಆದರೆ ಹುಡುಗನನ್ನು ದುಃಖಕ್ಕೆ ತಳ್ಳಿ ಅವನ ಮನಸ್ಸನ್ನು ಕೊಲ್ಲಬೇಡಿ; ಸಲಿಗೆ ಅತಿಯಾಗದಿರಲಿ, ಮೊದಲು ಆತ್ಮೀಯತೆಯಿಂದಲೇ ತಿದ್ದಿ, ಅದಕ್ಕೂ ಬಗ್ಗದಿದ್ದರೆ ಮಾತ್ರ ಕಾಠಿಣ್ಯ ಎಂಬುದು ಆ ಸೂಚನೆ.

ಸುಳ್ಳಿನ ಬಗೆಗಿನ ಆ ಮಾತನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟಿದ್ದೆ. ನನ್ನ ಆರಂಭದ ವರ್ಷಗಳಲ್ಲಿ ಒಬ್ಬ ಹುಡುಗನಿಗೆ ಪ್ರತಿ ಶನಿವಾರ ಹೊಟ್ಟೆನೋವು ಬರುತ್ತಿತ್ತು. ಶನಿವಾರ ನಾನು ವಾರದ ಪಾಠ ಒಪ್ಪಿಸಿಕೊಳ್ಳುವ ದಿನ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಸುಳ್ಳಿಗೆಂದು ಇನ್ನೂ ಎರಡು ಹೆಚ್ಚು ಕೊಟ್ಟೆ. ಕೆಲವು ತಿಂಗಳ ಬಳಿಕ ಅವನ ಸುಳ್ಳು ಎಷ್ಟು ಚೆನ್ನಾಗಿ ಪಳಗಿತ್ತೆಂದರೆ ನನಗೆ ಗುರುತಿಸಲು ಆಗುತ್ತಿರಲಿಲ್ಲ. ಅವನು ನನ್ನಿಂದ ಎಷ್ಟು ಸೂರತ್ ಕಲಿತನೋ ನೆನಪಿಲ್ಲ. ಸುಳ್ಳು ಹೇಳುವುದನ್ನು ಮಾತ್ರ ಕಲಿತ. ಕಲಿಸಿದವನು ನಾನು.

ನಮ್ಮ ದೇಶದ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು. ಅದರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 2012ರ ತಿದ್ದುಪಡಿಯ ಪ್ರಕಾರ ಮದ್ರಸಗಳು, ವೇದ ಪಾಠಶಾಲೆಗಳು ಹಾಗೂ ಪ್ರಧಾನವಾಗಿ ಧಾರ್ಮಿಕ ಬೋಧನೆ ನೀಡುವ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಮಕ್ಕಳ ಮೇಲಿನ ಕ್ರೌರ್ಯವನ್ನು ದಂಡಿಸುವ ಇತರ ಕಾನೂನುಗಳು ನಮಗೂ ಅನ್ವಯಿಸುತ್ತವೆ, ಅದು ಬೇರೆ ಮಾತು. ಆದರೆ ತರಗತಿಯ ಬೆತ್ತವನ್ನು ನೇರವಾಗಿ ತಡೆಯುವ ಆ ಸೆಕ್ಷನ್ ನಮ್ಮ ಬಾಗಿಲಲ್ಲಿ ನಿಲ್ಲುತ್ತದೆ. ಧಾರ್ಮಿಕ ಬೋಧನೆಯ ಸ್ವಾತಂತ್ರ್ಯಕ್ಕೆಂದು ಸಿಕ್ಕ ಈ ವಿನಾಯಿತಿಯನ್ನು ಬೆತ್ತಕ್ಕೆ ಸಿಕ್ಕ ವಿನಾಯಿತಿ ಎಂದು ತಿಳಿದವರನ್ನು ನಾನು ಕಂಡಿದ್ದೇನೆ. ಸರಕಾರದ ಕಾನೂನು ಬಾರದ ಕಡೆ ನಮ್ಮ ಫಿಕ್ಹ್‌ನ ಕಾನೂನು ಸಾವಿರ ವರ್ಷಗಳ ಹಿಂದೆಯೇ ಬಂದು ಕುಳಿತಿದೆ ಎಂಬುದು ಅವರಿಗೆ ತಿಳಿಯದು.

ಕಳೆದ ಶವ್ವಾಲ್‌ನಲ್ಲಿ ಮದ್ರಸ ತೆರೆದಾಗ ಒಬ್ಬರು ತಮ್ಮ ಮಗನನ್ನು ಸೇರಿಸಲು ಬಂದರು. ಬಂದರಿನಲ್ಲಿ ಮೀನಿನ ಕೆಲಸ ಮಾಡುವವರು. ಎಲ್ಲರಂತೆ ಅವರೂ, "ಇವನು ಭಾರೀ ಪೋಕ್ರಿ ಉಸ್ತಾದ್, ಚೆನ್ನಾಗಿ ಕೊಡಿ" ಎಂದರು. ಹುಡುಗ ಅವರ ಅಂಗಿಯ ತುದಿ ಹಿಡಿದುಕೊಂಡು ನನ್ನ ಮೇಜಿನ ಮೇಲೆ ಬೆತ್ತ ಹುಡುಕುತ್ತಿದ್ದ. ನಾನು ಅವರನ್ನು ಕೂರಿಸಿ ಸಹ್ನೂನ್(ರ) ತಮ್ಮ ಮಗನ ಶಿಕ್ಷಕರಿಗೆ ಹೇಳಿದ್ದನ್ನು ಹೇಳಿದೆ. ಅವರು ಶ್ರದ್ಧೆಯಿಂದ ಕೇಳಿ ನಕ್ಕರು. "ಅದು ಕಾಝಿಯ ಮಗನಲ್ಲವಾ ಉಸ್ತಾದ್. ಇದು ನನ್ನ ಮಗ."

ನನಗೆ ಆಗ ಉತ್ತರ ಹೊಳೆಯಲಿಲ್ಲ. ಅವರು ಸಲಾಮ್ ಹೇಳಿ ಹೋದ ಮೇಲೆ ನೆನಪಾಯಿತು. ಹೊಗಳಿಕೆಯಿಂದಲೇ ಬೆಳೆದ ಆ ಕಾಝಿಯ ಮಗನೇ ತನ್ನ ಪುಸ್ತಕದಲ್ಲಿ, ಬಡವನ ಮಗುವಿಗೊಂದು ಸಿರಿವಂತನ ಮಗುವಿಗೊಂದು ಎಂದು ಭೇದ ಮಾಡಿದ ಶಿಕ್ಷಕನು ಅಂತ್ಯದಿನದಲ್ಲಿ ವಿಶ್ವಾಸದ್ರೋಹಿಗಳ ಸಾಲಿನಲ್ಲಿ ಎಬ್ಬಿಸಲ್ಪಡುವನು ಎಂಬ ವರದಿಯನ್ನು ಸೇರಿಸಿದ್ದಾನೆ. ಹುಡುಗ ಇನ್ನೂ ಬಾಗಿಲಲ್ಲೇ ನಿಂತಿದ್ದ. ಹೆಸರು ಕೇಳಿದೆ. ಹೇಳಿದ. ಏನು ಬರುತ್ತದೆ ಎಂದು ಕೇಳಿದೆ. ಫಾತಿಹ ಅರ್ಧ ಬರುತ್ತದೆ ಎಂದ. ಆ ಅರ್ಧವನ್ನು ಓದಲು ಹೇಳಿ, ಓದಿದ ಮೇಲೆ ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿತ್ತು.